ಹಳೇ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್: ಗುಜರಿಗೆ ಹಾಕುವ ಮುಂಚೆ ಹಿಂದಿನ ತಗಡು ಬಿಚ್ಚಿ ನೋಡಿ

ಅರಸೀಕೆರೆಯಲ್ಲಿ ಅಮ್ಮನ ಮನೆಯ ಹಿತ್ತಲಲ್ಲಿ, ಬಚ್ಚಲ ಗೋಡೆಗೆ ಒರಗಿಕೊಂಡು ಒಂದು ವಾಷಿಂಗ್ ಮೆಷಿನ್ ಆರು ವರ್ಷ ಸುಮ್ನೆ ನಿಂತಿತ್ತು. 1996ರಲ್ಲಿ ಅಪ್ಪ ಕಂತಿನ ಮೇಲೆ ತಂದದ್ದು. ಎರಡು ಟಬ್ಬಿನ ಸೆಮಿ ಆಟೋಮ್ಯಾಟಿಕ್. ಒಂದು ಕಡೆ ಒಗೆಯೋದು, ಇನ್ನೊಂದು ಕಡೆ ಹಿಂಡೋದು. ನಿಂತ ಮೇಲೆ ಅದರ ನೆತ್ತಿಗೆ ಬಟ್ಟೆ ಕ್ಲಿಪ್ಪಿನ ಡಬ್ಬಿ, ಹಳೇ ಪೇಪರ್ ಕಟ್ಟು, ಒಂದು ತೂತು ಬಕೆಟ್ಟು ಎಲ್ಲ ಬಂದು ಕೂತಿದ್ದವು. ರಿಪೇರಿಗೆ ಬಂದಿದ್ದ ಹುಡುಗ ಎರಡು ನಿಮಿಷ ಕಿವಿಗೊಟ್ಟು ಕೇಳಿ, "ಮೋಟಾರ್ ಹೋಗಿದೆ ಆಂಟಿ, ಇದರ ಪಾರ್ಟ್ ಈಗ ಬರಲ್ಲ, ಗುಜರಿಗೆ ಹಾಕ್ಬಿಡಿ" ಅಂದು ಹೊರಟಿದ್ದ.

ಮೋಟಾರ್ ಹೋಗಿರಲಿಲ್ಲ. ಮೋಟಾರ್ ಹೊರಡಲು ನೂಕು ಕೊಡುವ ಸಣ್ಣ ಡಬ್ಬಿ, ಅಂದರೆ ಕೆಪಾಸಿಟರ್ ಹೋಗಿತ್ತು, ಬೆಲ್ಟ್ ಸಡಿಲಾಗಿತ್ತು, ನೀರು ಬಿಡುವ ರಬ್ಬರ್ ಕಲ್ಲಾಗಿತ್ತು. ಮೂರೂ ಸೇರಿ ನನಗೆ ಆರುನೂರು ರೂಪಾಯಿ ಒಳಗೆ ಆಯಿತು. ಅದಲ್ಲದೆ ನನ್ನ ದಡ್ಡತನಕ್ಕೆ ಒಂದು ಟೈಮರ್ ಬೇರೆ ಹೋಯಿತು, ಆ ಕಥೆ ಆಮೇಲೆ.

ಈ ಹಳೇ ಮೆಷಿನ್ನುಗಳಲ್ಲಿ ಗುಟ್ಟು ಅನ್ನೋದು ಏನೂ ಇಲ್ಲ. ಸರ್ಕ್ಯೂಟ್ ಬೋರ್ಡ್ ಇಲ್ಲ, ಸೆನ್ಸರ್ ಇಲ್ಲ. ಎರಡು ಮೋಟಾರ್, ಎರಡು ಕೆಪಾಸಿಟರ್, ಕೀಲಿ ಕೊಡುವ ಎರಡು ಟೈಮರ್, ಒಂದು ಬೆಲ್ಟ್, ಒಂದು ಬ್ರೇಕ್, ಒಂದು ನೀರಿನ ಬಿರಡೆ. ಅಷ್ಟೇ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬಹುದು. ಹಾಗಾಗಿ ನನ್ನದು ಒಂದೇ ಹಟ: ಪರೀಕ್ಷೆ ಮಾಡದೆ ಯಾವ ಪಾರ್ಟನ್ನೂ ಕೊಳ್ಳಬಾರದು.

ಮೊದಲು, ಕೈಹಾಕಲು ಲಾಯಕ್ಕಾ ನೋಡಿ

ಮೆಷಿನ್ನನ್ನು ಬೆಳಕಿಗೆ ಎಳೆದು ತನ್ನಿ. ಒಗೆಯುವ ಟಬ್ಬಿನ ತಳ ಸೀಳಿದೆಯಾ ನೋಡಿ. ಈ ಟಬ್ಬುಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಇದಕ್ಕೆ ಮನೆಯಲ್ಲಿ ಸಿಗುವ ಗಮ್ಮು, ಎಪಾಕ್ಸಿ ಯಾವುದೂ ಕಚ್ಚಿಕೊಳ್ಳುವುದಿಲ್ಲ. ಹಚ್ಚಿದ ದಿನ ಗಟ್ಟಿಯಾಗಿ ಕಾಣುತ್ತದೆ, ನಾಲ್ಕು ಸಲ ಒಗೆದ ಮೇಲೆ ಸಿಪ್ಪೆ ಥರ ಎದ್ದು ಬರುತ್ತದೆ. ಅದೇ ಜಾತಿಯ ಪ್ಲಾಸ್ಟಿಕ್ ತುಂಡು ಇಟ್ಟು ಕಾಯಿಸಿ ಬೆಸೆದರೆ ಮಾತ್ರ ನಿಲ್ಲುತ್ತದೆ. ಮೇಲಿನ ಅಂಚಲ್ಲಿ ಸಣ್ಣ ಸೀಳಾದರೆ ಸರಿ. ತಳದಲ್ಲಿ ಮೋಟಾರಿನ ಭಾರ ಬೀಳುವ ಜಾಗದಲ್ಲೇ ಸೀಳಿದ್ದರೆ, ಬೇಜಾರಾದರೂ ಬಿಟ್ಟುಬಿಡಿ. ಕರಾವಳಿಯ ಕಡೆಯವರು ಹಿಂದಿನ ತಗಡು ಮತ್ತು ಮೋಟಾರ್ ಕೂತಿರುವ ಕಬ್ಬಿಣದ ಪಟ್ಟಿಗಳನ್ನೂ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ಉಪ್ಪು ಗಾಳಿಗೆ ತಗಡು ಹಪ್ಪಳ ಆಗಿರುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಒಂದು ಸೆಟ್ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಮೆಷಿನ್ ಎಣ್ಣೆ, ಕೆಪಾಸಿಟರ್ ಅಳೆಯುವ ಮಲ್ಟಿಮೀಟರ್. ಅಗ್ಗದ ಮೀಟರುಗಳಲ್ಲಿ ಕೆಲವಕ್ಕೆ ಕೆಪಾಸಿಟರ್ ಅಳೆಯುವ ಸವಲತ್ತು ಇರುವುದಿಲ್ಲ, ಕೊಳ್ಳುವಾಗಲೇ ಕೇಳಿ. ಇದರ ಜೊತೆಗೆ ಒಂದು ಸೀರೀಸ್ ಬಲ್ಬಿನ ಬೋರ್ಡ್ ಮಾಡಿಕೊಳ್ಳಿ: ಫೇಸ್ ವೈರಿಗೆ ನಡುವೆ ಒಂದು ಹೋಲ್ಡರ್, ಅದರಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬ್, ಆ ಕಡೆ ಒಂದು ತ್ರೀ ಪಿನ್ ಸಾಕೆಟ್. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ವೈರ್ ಜೋಡಿಸಿ ಅಭ್ಯಾಸ ಇಲ್ಲದವರು ಇದನ್ನು ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ. ಕರೆಂಟ್ ಜೊತೆ ಅಂದಾಜಿನ ಕೆಲಸ ಬೇಡ.

ಬಿಚ್ಚುವುದು

ಪ್ಲಗ್ ಕಿತ್ತು ನಿಮ್ಮ ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿರಬೇಕು. ಹಿಂದಿನ ತಗಡಿನ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಟ್ಟರೆ ಬೆಳಿಗ್ಗೆ ಜಗಳ ಕಡಿಮೆ.

ತಗಡು ತೆಗೆದ ತಕ್ಷಣ ಕೈ ಹಾಕಬೇಡಿ. ಮೊದಲು ಫೋನಿನಲ್ಲಿ ಹತ್ತು ಫೋಟೋ ತೆಗೆಯಿರಿ, ಮುಖ್ಯವಾಗಿ ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ ಅನ್ನೋದು. ಆಮೇಲೆ ಕೆಪಾಸಿಟರನ್ನು ಖಾಲಿ ಮಾಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಹೋಲ್ಡರಿಗೆ ಎರಡು ವೈರ್ ಕಟ್ಟಿದ ತಂತಿ ಬಲ್ಬನ್ನು ಅದರ ಎರಡು ತುದಿಗೆ ಎರಡು ಸೆಕೆಂಡ್ ತಾಗಿಸಿ ಹಿಡಿದರೆ ಸಾಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವವರೂ ಇದ್ದಾರೆ. ನಾನು ಮಾಡಲ್ಲ.

ನಮ್ಮದರ ಒಳಗೆ ಏನೇನಿತ್ತು ಗೊತ್ತಾ? ಇಲಿ ಕೂಡಿಟ್ಟ ತೆಂಗಿನ ನಾರು, ಮೂರು ಒಣಗಿದ ಹಲ್ಲಿ, ನೀರು ಬಿಡುವ ಪೈಪಿನ ಬಾಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಪೈಪಿನ ಬಾಯಿ ಮುಚ್ಚಿದ್ದಕ್ಕೇ ಕೊನೇ ದಿನಗಳಲ್ಲಿ ನೀರು ಹೋಗುತ್ತಿರಲಿಲ್ಲ. ಒಣ ಬ್ರಷ್ಷಲ್ಲಿ ಎಲ್ಲ ಗುಡಿಸಿ. ನೀರು ಹಾಕಿ ತೊಳೆಯಬೇಡಿ. ಇಲಿ ಕಡಿದ ವೈರ್ ಇದ್ದರೆ ಬರೀ ಟೇಪ್ ಸುತ್ತಿ ಬಿಡಬೇಡಿ, ಆ ತುಂಡನ್ನೇ ಬದಲಾಯಿಸಿ, ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ತೋಳು (ಸ್ಲೀವ್) ಏರಿಸಿ. ಅದು ನೀರು ತೊಟ್ಟಿಕ್ಕುವ ಜಾಗ.

ಪಲ್ಸೇಟರ್ ಕೆಳಗೆ

ಒಗೆಯುವ ಟಬ್ಬಿನ ತಳದಲ್ಲಿ ತಿರುಗುವ ಬಿಲ್ಲೆಯೇ ಪಲ್ಸೇಟರ್. ನಡುವೆ ಒಂದು ಸ್ಕ್ರೂ ಇರುತ್ತದೆ, ಅದರ ಮೇಲೆ ಕೆಲವು ಮೆಷಿನ್ನಿನಲ್ಲಿ ಸಣ್ಣ ಮುಚ್ಚಳ. ಸ್ಕ್ರೂ ಬಿಟ್ಟರೂ ಬಿಲ್ಲೆ ಏಳುವುದಿಲ್ಲ, ಇಪ್ಪತ್ತು ವರ್ಷದ ಸೋಪು ಮತ್ತು ಬೋರ್‌ವೆಲ್ ನೀರಿನ ಸುಣ್ಣ ಸೇರಿ ಅಂಟಿಸಿಬಿಟ್ಟಿರುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಅಂಚು ಮುರಿಯುತ್ತದೆ. ಬದಲಿಗೆ ಬಿಸಿ ನೀರು ಸುರಿದು ಅರ್ಧ ಗಂಟೆ ಬಿಡಿ. ಕುದಿಯುವ ನೀರಲ್ಲ, ಕೈಗೆ ಸುಡುವಷ್ಟು ಸಾಕು. ಆಮೇಲೆ ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಎರಡು ಕೊಕ್ಕೆ ಮಾಡಿ, ಬಿಲ್ಲೆಯ ಎದುರುಬದುರಿನ ತೂತುಗಳಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ಸಮನಾಗಿ ಮೇಲಕ್ಕೆ ಎಳೆಯಿರಿ. ಸ್ವಲ್ಪ ಎಳೆಯಿರಿ, ಬಿಲ್ಲೆ ತಿರುಗಿಸಿ, ಮತ್ತೆ ಎಳೆಯಿರಿ.

ನಮ್ಮದು ಪಚಕ್ ಅಂತ ಎದ್ದು ಬಂತು. ಕೆಳಗೆ ಕಪ್ಪು ಮಡ್ಡಿ, ಅದರೊಳಗೆ ಎರಡು ಪಿನ್ನು, ಒಂದು ಹೇರ್‌ಪಿನ್, ಶರ್ಟಿನ ಗುಂಡಿ ಐದಾರು, ಒಂದು ನಾಲ್ಕಾಣೆ. 25 ಪೈಸೆ ನಾಣ್ಯ 2011ರ ಜೂನ್ ಕೊನೆಗೇ ಚಲಾವಣೆಯಿಂದ ಹೋಯಿತಲ್ವಾ, ಹಾಗಾದರೆ ಅದಕ್ಕೂ ಮುಂಚಿನಿಂದ ಅದು ಅಲ್ಲೇ ಕೂತು ತಿರುಗಿದೆ ಅಂತ ಲೆಕ್ಕ. ಟಬ್ಬಿನ ತಳದಲ್ಲಿ ಗ್ರಾಮಫೋನ್ ಪ್ಲೇಟಿನ ಗೆರೆ ಥರ ಸುತ್ತಲೂ ಕೊರೆದಿತ್ತು. "ಕಟಕಟ ಶಬ್ದ ಅದೇನಾ" ಅಂತ ಅಮ್ಮ ತೊಳೆದು ನೋಡಿದರು.

ಮಡ್ಡಿ ಕೆರೆದು ತೆಗೆದ ಮೇಲೆ ಸುಣ್ಣದ ಕರೆ ಉಳಿಯುತ್ತದೆ. ಅದಕ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ನೂರು ಗ್ರಾಂ ಪುಡಿಯನ್ನು ಬೆಚ್ಚಗಿನ ನೀರಲ್ಲಿ ಕರಗಿಸಿ ತಳದಲ್ಲಿ ಎರಡು ಗಂಟೆ ನಿಲ್ಲಿಸಿ, ಬ್ರಷ್ಷಲ್ಲಿ ಉಜ್ಜಿ. ಈ ಹೊತ್ತಿಗೆ ಬ್ಲೀಚಿಂಗ್ ಪುಡಿಯಾಗಲಿ ಬ್ಲೀಚ್ ನೀರಾಗಲಿ ಹತ್ತಿರ ಸುಳಿಯಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಚ್ಚಲಂಥ ಸಣ್ಣ ಜಾಗದಲ್ಲಿ ಉಸಿರು ಕಟ್ಟುತ್ತದೆ.

ಬಿಲ್ಲೆ ಇಲ್ಲದಾಗ ಶಾಫ್ಟ್ ಹಿಡಿದು ಅಲ್ಲಾಡಿಸಿ. ಸ್ವಲ್ಪ ಆಟ ಇದ್ದರೆ ಪರವಾಗಿಲ್ಲ. ಗಲಗಲ ಅಂದರೆ ಒಳಗಿನ ಬುಷ್, ಅಂದರೆ ಶಾಫ್ಟ್ ಕೂತು ತಿರುಗುವ ಲೋಹದ ಬಳೆ, ಸವೆದಿದೆ. ಶಾಫ್ಟಿನ ಸುತ್ತ ಆಯಿಲ್ ಸೀಲ್ ಅನ್ನುವ ರಬ್ಬರ್ ಉಂಗುರ ಇದೆ. ಕೆಳಗೆ ಪುಲ್ಲಿಯ ಮೇಲೆ ತುಕ್ಕಿನ ನೀರಿನ ಗೆರೆ ಇಳಿದಿದ್ದರೆ ಆ ಸೀಲ್ ಸೋರುತ್ತಿದೆ ಅಂತಲೇ ಅರ್ಥ. ಹಳೇದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಅದರ ಮೇಲೆ ಒಳಸುತ್ತು, ಹೊರಸುತ್ತು, ದಪ್ಪ ಮೂರೂ ಮಿಲಿಮೀಟರಿನಲ್ಲಿ ಬರೆದಿರುತ್ತದೆ. ಆ ಅಳತೆಯ ಸೀಲ್ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಕಂಪನಿ ಪಾರ್ಟೇ ಬೇಕು ಅಂತೇನಿಲ್ಲ.

ಗುಂಯ್ ಅನ್ನುತ್ತೆ, ತಿರುಗಲ್ಲ

ಹಳೇ ಮೆಷಿನ್ನುಗಳಲ್ಲಿ ತುಂಬಾ ಕಾಣಿಸುವ ದೂರು ಇದು. "ಮೋಟಾರ್ ಹೋಗಿದೆ" ಅನ್ನುವ ಸುಳ್ಳು ಹುಟ್ಟುವುದೂ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಬೆಲ್ಟ್ ತೆಗೆಯಿರಿ. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ಬೆಲ್ಟನ್ನು ಅಂಚಿಗೆ ತಳ್ಳಿದರೆ ಕಳಚುತ್ತದೆ, ಬೆರಳು ನಡುವೆ ಸಿಕ್ಕದ ಹಾಗೆ ನೋಡಿಕೊಳ್ಳಿ. ಈಗ ಮೇಲಿನ ಶಾಫ್ಟಿನ ಪುಲ್ಲಿ ಬೇರೆ, ಮೋಟಾರಿನ ಪುಲ್ಲಿ ಬೇರೆ. ಎರಡನ್ನೂ ಕೈಯಲ್ಲಿ ತಿರುಗಿಸಿ. ಮೇಲಿನದು ಬಿಗಿಯಾಗಿದ್ದರೆ ತೊಂದರೆ ಶಾಫ್ಟ್ ಅಥವಾ ಗೇರ್‌ಬಾಕ್ಸಿನದು, ಮೋಟಾರಿನದಲ್ಲ. ಮೋಟಾರಿನದು ಬಿಗಿಯಾಗಿದ್ದರೆ ಅದರ ಬುಷ್ ಒಣಗಿದೆ. ಎರಡು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು ತಿರುಗಿಸುತ್ತಾ ಇರಿ.

ಎಣ್ಣೆ ಅಂದೆ, ಕೊಬ್ಬರಿ ಎಣ್ಣೆ ಅಲ್ಲ. ನಮ್ಮ ಕಡೆ ಕೊಬ್ಬರಿ ಎಣ್ಣೆ ಎಲ್ಲಕ್ಕೂ ಮದ್ದು, ಬಾಗಿಲ ಕೀಲಿಗೂ ಅದೇ, ತಲೆಗೂ ಅದೇ. ಅಪ್ಪ ಮೆಷಿನ್ನಿಗೂ ಬಿಟ್ಟಿದ್ದರು. ಅದು 24 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಧೂಳು ಸೇರಿ ಗೋಂದಿನ ಹಾಗಾಗುತ್ತದೆ. ಮಾಗಿ ಚಳಿಯಲ್ಲಿ ಬೆಳಿಗ್ಗೆ ಮಾತ್ರ ಮೆಷಿನ್ ಮೊಂಡು ಹಿಡಿಯುತ್ತಿತ್ತು, ಮಧ್ಯಾಹ್ನ ಸರಿ ಹೋಗುತ್ತಿತ್ತು ಅಂತ ಅಮ್ಮ ಹೇಳುತ್ತಿದ್ದದ್ದು ನನಗೆ ಆಗ ಅರ್ಥವಾಯಿತು.

ಎರಡೂ ಸಲೀಸಾಗಿ ತಿರುಗಿದರೆ ಮುಂದಿನ ಗುಮಾನಿ ಕೆಪಾಸಿಟರ್ ಮೇಲೆ. ಅಂಗಡಿಯಲ್ಲಿ ಕಂಡೆನ್ಸರ್ ಅಂದರೂ ಅದೇ. ಸಾಮಾನ್ಯವಾಗಿ ಒಗೆಯುವ ಮೋಟಾರಿಗೆ 10 ಎಂಎಫ್‌ಡಿ (ಮೈಕ್ರೋಫ್ಯಾರಡ್, ಕೆಪಾಸಿಟರಿನ ಅಳತೆ) ಆಸುಪಾಸು, ಡ್ರೈಯರಿಗೆ, ಅಂದರೆ ಹಿಂಡುವ ಕಡೆಯ ಮೋಟಾರಿಗೆ, 4ರಿಂದ 6 ಇರುತ್ತದೆ. ಕೆಲವದರಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ವೈರ್ ಬಿಡಿಸಿ ಮೀಟರಲ್ಲಿ ಅಳೆಯಿರಿ. 10 ಅಂತ ಬರೆದಿದ್ದು 9ಕ್ಕಿಂತ ಕೆಳಗೆ ತೋರಿಸಿದರೆ ಬದಲಾಯಿಸಿ. ನಮ್ಮದು 3.1 ತೋರಿಸಿತು. ಹೊಟ್ಟೆ ಉಬ್ಬಿದ್ದರೆ, ಸೋರಿದ ಗುರುತಿದ್ದರೆ ಅಳೆಯುವುದೇ ಬೇಡ. ಹೊಸದರ ಎಂಎಫ್‌ಡಿ ಹಳೇದರಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ, ಸಾಧಾರಣವಾಗಿ 440 ವೋಲ್ಟ್ ಎಸಿ. "ಒಂದು ಸೈಜ್ ದೊಡ್ಡದು ಹಾಕಿ, ಜೋರಾಗಿ ತಿರುಗುತ್ತೆ" ಅನ್ನುವ ಸಲಹೆ ಸಿಗುತ್ತದೆ. ತಿರುಗಬಹುದು, ಆದರೆ ವೈಂಡಿಂಗ್, ಅಂದರೆ ಮೋಟಾರಿನ ಒಳಗಿನ ತಂತಿ ಸುರುಳಿ, ಬಿಸಿಯಾಗಿ ಬೇಗ ಸುಟ್ಟುಹೋಗುತ್ತದೆ.

ಕೆಪಾಸಿಟರ್ ಸರಿ ಇದ್ದರೆ ಆಗ ಮೋಟಾರಿನ ಸರದಿ. ಒಗೆಯುವ ಮೋಟಾರಿನಿಂದ ಮೂರು ವೈರ್ ಬರುತ್ತವೆ, ಅರ್ಥಿಂಗ್ ವೈರ್ ಬೇರೆ. ಒಂದು ಕಾಮನ್, ಇನ್ನೆರಡು ಎರಡು ಸುರುಳಿಗಳ ತುದಿ. ಈ ಮೋಟಾರ್ ಎರಡೂ ದಿಕ್ಕಿಗೆ ಒಂದೇ ಬಲದಲ್ಲಿ ತಿರುಗಬೇಕಾದ್ದರಿಂದ ಎರಡು ಸುರುಳಿಯೂ ಅವಳಿಜವಳಿ. ಕಾಮನ್‌ನಿಂದ ಎರಡಕ್ಕೂ ಓಮ್ ಅಳೆದರೆ ಒಂದೇ ಲೆಕ್ಕ ಬರಬೇಕು, ಆ ಎರಡರ ನಡುವೆ ಅಳೆದರೆ ಅದರ ದುಪ್ಪಟ್ಟು. ಡ್ರೈಯರ್ ಮೋಟಾರ್ ಒಂದೇ ದಿಕ್ಕಿನದು, ಅಲ್ಲಿ ಎರಡು ಸುರುಳಿಯ ಅಳತೆ ಬೇರೆ ಬೇರೆ ಇರುವುದೇ ಸರಿ, ಆದರೆ ಎರಡರ ಮೊತ್ತ ಮೂರನೇ ಅಳತೆಗೆ ಹೊಂದಬೇಕು. ಎಲ್ಲಾದರೂ ಮೀಟರ್ ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಸುಟ್ಟ ವಾಸನೆ ಬಂದರೆ ಗೊತ್ತೇ ಇದೆ.

ಮೋಟಾರ್ ನಿಜವಾಗಿ ಸುಟ್ಟಿದ್ದರೂ ಕಥೆ ಮುಗಿಯಲಿಲ್ಲ. ಬೋರ್‌ವೆಲ್ ಪಂಪಿನ ದಯೆಯಿಂದ ನಮ್ಮ ತಾಲ್ಲೂಕು ಊರುಗಳಲ್ಲಿ ವೈಂಡಿಂಗ್ ಅಂಗಡಿಗೆ ಬರ ಇಲ್ಲ. ಪಂಪಿನ ಮೋಟಾರ್ ಸುತ್ತುವವರಿಗೆ ಇದು ಮಕ್ಕಳಾಟ. ಹಳೇ ಮೋಟಾರಿನ ತಂತಿ ತಾಮ್ರದ್ದಾದರೆ ಮತ್ತೆ ತಾಮ್ರವೇ ಸುತ್ತಿಸಿ. ಅದೇ ಅಂಗಡಿಯಲ್ಲಿ ಮೆಗ್ಗರ್ ಇರುತ್ತದೆ, ಸುರುಳಿಯ ಕರೆಂಟ್ ಮೈಗೆ ಸೋರುತ್ತಿದೆಯಾ ಅಂತ ನೋಡುವ ಮೀಟರ್ ಅದು. ಸುರುಳಿಗೂ ಮೋಟಾರ್ ಮೈಗೂ ನಡುವೆ 500 ವೋಲ್ಟಿನ ಮೆಗ್ಗರಲ್ಲಿ ಅಳೆಸಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಮೋಟಾರಿಗೆ ಕರೆಂಟ್ ಕೊಡಬೇಡಿ. ವರ್ಷಗಟ್ಟಲೆ ತೇವದಲ್ಲಿ ನಿಂತದ್ದಾದರೆ ಮೊದಲು ಎರಡು ಮೂರು ದಿನ ಒಳ್ಳೆ ಬಿಸಿಲಿಗೆ ಇಟ್ಟು ಆಮೇಲೆ ಅಳೆಸಿ, ಎಷ್ಟೋ ಸಲ ಲೆಕ್ಕ ಮೇಲೇರುತ್ತದೆ.

ಒಂದೇ ಕಡೆ ತಿರುಗುತ್ತೆ

ಇಲ್ಲಿ ಮೋಟಾರಿನ ತಪ್ಪಿಲ್ಲ. ಒಂದು ಸುರುಳಿ ಹೋಗಿದ್ದರೆ ಎರಡು ದಿಕ್ಕಿಗೂ ಗುಂಯ್ ಅನ್ನುತ್ತಿತ್ತು. ಒಂದು ದಿಕ್ಕಿಗೆ ಸರಿಯಾಗಿ ತಿರುಗಿ ಇನ್ನೊಂದಕ್ಕೆ ಸುಮ್ಮನಾಗುತ್ತದೆ ಅಂದರೆ ಆ ದಿಕ್ಕಿನ ಕರೆಂಟ್ ಮೋಟಾರಿಗೆ ಬರುತ್ತಿಲ್ಲ. ಟೈಮರಿನ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿದೆ, ಇಲ್ಲವೇ ಅಲ್ಲಿಂದ ಬರುವ ವೈರ್ ಕಡಿದಿದೆ. ಹಾಂ, ಕೆಲವು ಹಳೇ ಮೆಷಿನ್ನುಗಳಲ್ಲಿ ಗಟ್ಟಿ ಒಗೆತಕ್ಕೆ ಇಟ್ಟರೆ ಬೇಕೆಂದೇ ಒಂದೇ ಕಡೆ ತಿರುಗುತ್ತದೆ. ಆ ನಾಬ್ ಎಲ್ಲಿದೆ ಅಂತ ಮೊದಲು ನೋಡಿ, ಆಮೇಲೆ ಬಿಚ್ಚಿ.

ಟೈಮರ್ ಪರೀಕ್ಷೆಗೆ ಸೀರೀಸ್ ಬಲ್ಬ್ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಮೆಷಿನ್ನನ್ನು ಆ ಬೋರ್ಡಿಗೆ ಹಾಕಿ, ಕೈ ದೂರ ಇಟ್ಟುಕೊಂಡು ನೋಡಿ. ಟೈಮರ್ ಸೊನ್ನೆಯಲ್ಲಿದ್ದಾಗ ಬಲ್ಬ್ ಉರಿಯಲೇ ಬಾರದು, ಉರಿದರೆ ಎಲ್ಲೋ ಶಾರ್ಟ್ ಇದೆ. ಟೈಮರ್ ತಿರುಗಿಸಿದರೆ ಕೆಲವು ಸೆಕೆಂಡ್ ಉರಿಯಬೇಕು, ಆರಬೇಕು, ಮತ್ತೆ ಉರಿಯಬೇಕು. ಮೊದಲ ಉರಿ ಒಂದು ದಿಕ್ಕಿನದು, ಎರಡನೆಯದು ಇನ್ನೊಂದರದು. ಒಂದು ಬಿಟ್ಟು ಒಂದು ಉರಿ ತಪ್ಪುತ್ತಿದ್ದರೆ ಗುಟ್ಟು ಅಲ್ಲೇ ಇದೆ. ಮೋಟಾರ್ ಇಷ್ಟು ಕಡಿಮೆ ಕರೆಂಟಿಗೆ ಬರೀ ನರಳಬಹುದು. ಒಂದೆರಡು ನಿಮಿಷಕ್ಕಿಂತ ಹಾಗೆ ಬಿಡಬೇಡಿ.

ಇನ್ನು ನನ್ನ ಟೈಮರ್ ಕಥೆ. ಕಾಂಟ್ಯಾಕ್ಟ್ ಕ್ಲೀನ್ ಮಾಡೋಣ ಅಂತ ಹಾಸಿಗೆ ಮೇಲೆ ಕೂತು ಟೈಮರಿನ ಹಿಂದಿನ ನಾಲ್ಕು ತಗಡಿನ ಕಿವಿ ನೆಟ್ಟಗೆ ಮಾಡಿದೆ. ಮುಚ್ಚಳ ಎತ್ತಿದ್ದೇ ತಡ, ಒಳಗಿನ ಸುರುಳಿ ಸ್ಪ್ರಿಂಗ್ ಜಿಗಿದು, ಸಾಸಿವೆ ಗಾತ್ರದ ಹಲ್ಲಿನ ಚಕ್ರಗಳು ಹೊದಿಕೆಯಲ್ಲಿ ಮಾಯವಾದವು. ಏಳು ಚಕ್ರ ಸಿಕ್ಕವು. ಎಷ್ಟಿದ್ದವು ಅಂತ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಟೈಮರ್ ಬಿಚ್ಚಬೇಡಿ. ಪಕ್ಕದ ಸಂದಿಯಿಂದ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಹತ್ತು ಸಲ ತಿರುಗಿಸಿ, ಪೂರಾ ಒಣಗಲು ಬಿಡಿ. ಆಗಲೂ ಸರಿಹೋಗದಿದ್ದರೆ ಹೊಸದು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಕಡೆ ಒಂದು ಸುತ್ತು ಹಾಕಿ. ಹಳೇ ಟೈಮರ್, ಅದರ ಕಡ್ಡಿಯ ಆಕಾರ, ವೈರ್‌ಗಳ ಫೋಟೋ ಮೂರೂ ಜೊತೆಗಿರಲಿ. ವೈರ್ ಬಣ್ಣ ಹೊಸದರಲ್ಲಿ ಹಾಗೇ ಇರುತ್ತದೆ ಅಂತ ನಂಬಬೇಡಿ, ಮೀಟರ್ ಇಟ್ಟು ಯಾವುದು ಯಾವುದಕ್ಕೆ ಸೇರುತ್ತದೆ ನೋಡಿ ಜೋಡಿಸಿ.

ಬೆಲ್ಟ್

ಖಾಲಿ ಇದ್ದಾಗ ತಿರುಗುತ್ತದೆ, ಬಟ್ಟೆ ಹಾಕಿದರೆ ನಿಲ್ಲುತ್ತದೆ ಅಂದರೆ ಬೆಲ್ಟ್ ಜಾರುತ್ತಿದೆ, ಇಲ್ಲವೇ ಕೆಪಾಸಿಟರ್ ಸೊರಗಿದೆ. ಬೆಲ್ಟಿನ ಒಳಮೈ ಬಿರುಕು ಬಿಟ್ಟಿದ್ದರೆ, ಕನ್ನಡಿ ಥರ ಹೊಳೆಯುತ್ತಿದ್ದರೆ ಬದಲಾಯಿಸಿ. ಬೆನ್ನ ಮೇಲೆ ಎಂ 19, ಎಂ 20 ಅಂತ ನಂಬರ್ ಇರುತ್ತದೆ. ಅಳಿಸಿಹೋಗಿದ್ದರೆ ಬೆಲ್ಟನ್ನೇ ಒಯ್ಯಿರಿ. ಹಾಕಿದ ಮೇಲೆ ಎರಡು ಪುಲ್ಲಿಯ ನಡುವೆ ಹೆಬ್ಬೆರಳಿಂದ ಒತ್ತಿದರೆ ಒಂದು ಸೆಂಟಿಮೀಟರ್ ಮೇಲೆ ಸ್ವಲ್ಪ ಬಗ್ಗಬೇಕು. ಮೋಟಾರ್ ಕೂತಿರುವ ಉದ್ದ ತೂತುಗಳಲ್ಲಿ ಬೋಲ್ಟ್ ಸಡಿಲಿಸಿ ಮೋಟಾರನ್ನು ಸರಿಸಿದರೆ ಬಿಗಿ ಹೆಚ್ಚು ಕಡಿಮೆ ಆಗುತ್ತದೆ. ವೀಣೆ ತಂತಿ ಥರ ಬಿಗಿಯಬೇಡಿ, ಬುಷ್ ಸವೆಯುತ್ತದೆ.

ಡ್ರೈಯರ್ ಕಡೆ

ಹಿಂಡುವ ಟಬ್ ನೇರವಾಗಿ ಮೋಟಾರಿನ ಮೇಲೇ ಕೂತಿರುತ್ತದೆ, ನಡುವೆ ಬೆಲ್ಟ್ ಇಲ್ಲ. ಮೋಟಾರ್ ಮೂರು ಸ್ಪ್ರಿಂಗ್‌ಗಳ ಮೇಲೆ ನಿಂತಿರುತ್ತದೆ. ನಿಮಿಷಕ್ಕೆ ಸುಮಾರು 1,300ರಿಂದ 1,400 ಸುತ್ತು. ಅದಕ್ಕೇ ಇಲ್ಲಿ ಬ್ರೇಕ್ ಇದೆ, ಮತ್ತು ಅದಕ್ಕೇ ಈ ಕಡೆ ತಮಾಷೆ ಬೇಡ.

ಮುಚ್ಚಳಕ್ಕೆ ಎರಡು ಕೆಲಸ. ತೆರೆದರೆ ಒಂದು ಸ್ವಿಚ್ ಕರೆಂಟ್ ಕಡಿಯುತ್ತದೆ. ಅದೇ ಹೊತ್ತಿಗೆ ಒಂದು ತಂತಿ ಸಡಿಲಾಗಿ, ಕೆಳಗಿನ ಬ್ರೇಕ್ ಹೋಗಿ ಡ್ರಮ್ಮಿಗೆ ಕಚ್ಚುತ್ತದೆ. ಮುಚ್ಚಿದರೆ ತಂತಿ ಎಳೆದು ಬ್ರೇಕ್ ಬಿಡುತ್ತದೆ. ವರ್ಷಗಳಾದ ಮೇಲೆ ತಂತಿ ಉದ್ದವಾಗುತ್ತದೆ. ಆಗ ಮುಚ್ಚಳ ಹಾಕಿದ್ದರೂ ಬ್ರೇಕ್ ಅರ್ಧ ಹಿಡಿದೇ ಇರುತ್ತದೆ, ಮೋಟಾರ್ ಒದ್ದಾಡುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಜನ ಮತ್ತೆ "ಮೋಟಾರ್ ಹೋಯ್ತು" ಅನ್ನುತ್ತಾರೆ. ಪ್ಲಗ್ ಕಿತ್ತಿಟ್ಟು, ಮುಚ್ಚಳ ಮುಚ್ಚಿ, ಹಿಂದಿನಿಂದ ಬ್ರೇಕ್ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಆರಾಮಾಗಿ ತಿರುಗಬೇಕು. ಮುಚ್ಚಳ ತೆರೆಸಿ ಮತ್ತೆ ತಿರುಗಿಸಿ, ಅಲ್ಲಾಡಬಾರದು. ತಂತಿಯ ತುದಿಯನ್ನು ಒಂದು ತೂತು ಬಿಗಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮುಚ್ಚಳದ ಸ್ವಿಚ್ ಕೆಟ್ಟರೆ ಎರಡು ವೈರ್ ಜೋಡಿಸಿ ಮುಗಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಿಸಿಕೊಳ್ಳಬೇಡಿ. ಮುಚ್ಚಳ ತೆರೆದೇ ತಿರುಗುವ ಟಬ್ಬಿಗೆ ಮಗು ಕೈ ಹಾಕಿದರೆ, ಸೀರೆ ಸೆರಗು ಸಿಕ್ಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಡ್ರೈಯರ್ ಹಾಕಿದಾಗ ಕೆಳಗೆ ಮೋಟಾರ್ ಮೇಲೆ ನೀರು ಬಿದ್ದರೆ ಬೆಲ್ಲೋ ಅನ್ನುವ ರಬ್ಬರ್ ಹರಿದಿದೆ. ಟಬ್ಬಿನ ಕಂಬ ಅದರ ನಡುವಿಂದ ಇಳಿದಿರುತ್ತದೆ. ಇದನ್ನು ಬದಲಾಯಿಸಲು ಕೆಳಗೆ ಆ ಕಂಬವನ್ನು ಮೋಟಾರಿಗೆ ಸೇರಿಸುವ ಕಪ್ಲಿಂಗಿನ ಬೋಲ್ಟ್ ಸಡಿಲಿಸಿ ಟಬ್ಬನ್ನು ಮೇಲಕ್ಕೆ ಎತ್ತಬೇಕು. ಬೋಲ್ಟ್ ತುಕ್ಕು ಹಿಡಿದಿರುತ್ತದೆ, ಒಂದು ದಿನ ಮುಂಚೆಯೇ ಸ್ಪ್ರೇ ಹೊಡೆಯಿರಿ, ಬಲ ಹಾಕಿ ಕತ್ತು ಮುರಿಯಬೇಡಿ. ಇಡೀ ರಿಪೇರಿಯಲ್ಲಿ ನನಗೆ ಬೆವರಿಳಿಸಿದ್ದು ಇದೊಂದೇ. ಅರ್ಧ ದಿನ ಹೋಯಿತು. ಮತ್ತೆ ಕೂರಿಸುವಾಗ ಬೋಲ್ಟ್ ಕಂಬದ ಮೇಲಿನ ಗುಳಿಗೇ ಸರಿಯಾಗಿ ಇಳಿಯಬೇಕು, ಪಕ್ಕಕ್ಕೆ ಬಿಗಿದರೆ ಟಬ್ ಓಲಾಡುತ್ತದೆ.

ಮೆಷಿನ್ ಹಿತ್ತಲೆಲ್ಲ ನಡೆದಾಡುತ್ತಿದೆಯಾ? ಮೊದಲು ಬಟ್ಟೆ ಒಂದೇ ಕಡೆ ತುರುಕಿದ್ದೀರಾ ನೋಡಿ. ಆಮೇಲೆ ನೆಲ ಸಮ ಇದೆಯಾ. ಆಮೇಲೆ ಆ ಮೂರು ಸ್ಪ್ರಿಂಗ್. ಒಂದು ಮುರಿದಿದ್ದರೂ ಮೂರನ್ನೂ ಬದಲಾಯಿಸಿ.

ನೀರು ನಿಲ್ಲಲ್ಲ, ನೀರು ಹೋಗಲ್ಲ

ಎರಡಕ್ಕೂ ಒಂದೇ ಜಾಗ. ನಾಬ್ ತಿರುಗಿಸಿದರೆ ಒಂದು ಪಟ್ಟಿ ಎಳೆದು, ಕೆಳಗಿನ ಡಬ್ಬಿಯಲ್ಲಿರುವ ರಬ್ಬರ್ ಬಿರಡೆಯನ್ನು ಎತ್ತುತ್ತದೆ. ಬಿಟ್ಟರೆ ಸ್ಪ್ರಿಂಗ್ ಅದನ್ನು ಮತ್ತೆ ಕೂರಿಸುತ್ತದೆ. ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆಯಿರಿ, ಕೆಳಗೆ ಬಟ್ಟಲು ಇಟ್ಟುಕೊಂಡು. ಬಿರಡೆಯ ಬಾಯಲ್ಲಿ ದಾರ, ಕೂದಲು, ಕಡ್ಡಿ ಸಿಕ್ಕಿದ್ದರೆ ನೀರು ಸೋರಿಹೋಗುತ್ತಲೇ ಇರುತ್ತದೆ. ರಬ್ಬರನ್ನು ಬೆರಳಲ್ಲಿ ಒತ್ತಿ. ಮೆತ್ತಗಿದ್ದರೆ ತೊಳೆದು ಹಾಕಿ, ಗಟ್ಟಿಯಾಗಿದ್ದರೆ ಹೊಸದು. ಪಟ್ಟಿ ಕಡಿದಿದ್ದರೆ ನಾಬ್ ತಿರುಗಿಸಿದರೂ ಬಿರಡೆ ಏಳುವುದಿಲ್ಲ.

ಇನ್ನೊಂದು, ಈ ಮೆಷಿನ್ನುಗಳಲ್ಲಿ ನೀರೆತ್ತುವ ಪಂಪ್ ಇಲ್ಲ. ನೀರು ತಾನಾಗಿ ಇಳಿದು ಹೋಗಬೇಕು. ಪೈಪನ್ನು ಕಟ್ಟೆಯ ಮೇಲೆ ಹಾಯಿಸಿಟ್ಟು "ನೀರು ಹೋಗಲ್ಲ" ಅಂತ ಮೆಕ್ಯಾನಿಕ್ ಕರೆಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಕರೆಂಟ್ ಜುಂ ಅನ್ನುತ್ತಾ

ಒದ್ದೆ ಕೈಯಲ್ಲಿ ಮೈ ಮುಟ್ಟಿದಾಗ ಸಣ್ಣಗೆ ಜುಂ ಅಂದರೂ ಅವತ್ತೇ ನಿಲ್ಲಿಸಿ. ಹಳೇ ಮನೆಗಳಲ್ಲಿ ತ್ರೀ ಪಿನ್ ಇದ್ದರೂ ಅರ್ಥಿಂಗ್ ಎಲ್ಲಿಗೂ ಹೋಗಿರುವುದಿಲ್ಲ. ಪ್ಲಗ್ಗಿನ ದಪ್ಪ ಪಿನ್ನಿಗೂ ಮೋಟಾರಿನ ಮೈಗೂ ಮೀಟರ್ ಇಟ್ಟರೆ ಸೊನ್ನೆ ಹತ್ತಿರ ತೋರಿಸಬೇಕು. ಮೆಷಿನ್ ಒಳಗೆ ಸರಿ ಇದ್ದರೆ ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಬಚ್ಚಲ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಹಳೇ ಮೆಷಿನ್ ಓಡಿಸುವವರಿಗೆ ಇದು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ನಾನಂತೂ ಅದಿಲ್ಲದೆ ಅಮ್ಮನಿಗೆ ಪ್ಲಗ್ ಮುಟ್ಟಲು ಬಿಡಲಿಲ್ಲ.

ಮತ್ತೆ ಜೋಡಿಸಿ ಓಡಿಸುವುದು

ಮೊದಲು ಬಟ್ಟೆ ಇಲ್ಲದೆ, ಅರ್ಧ ಟಬ್ ನೀರು. ಮೆಷಿನ್ ಕೆಳಗೆ ಒಣಗಿದ ನ್ಯೂಸ್ ಪೇಪರ್ ಹಾಸಿ. ಪೇಪರ್ ಮೇಲೆ ಒಂದು ತೊಟ್ಟು ಬಿದ್ದರೂ ಉಂಗುರದ ಗುರುತು ಆಗುತ್ತದೆ, ಎಲ್ಲಿಂದ ಅಂತ ನೇರ ಮೇಲೆ ನೋಡಿದರೆ ಗೊತ್ತಾಗುತ್ತದೆ. ಹದಿನೈದು ನಿಮಿಷ ಓಡಿಸಿ, ಪ್ಲಗ್ ಕಿತ್ತು, ಮೋಟಾರಿನ ಮೈ ಮುಟ್ಟಿ. ಬಿಸಿ ಇರುತ್ತದೆ, ಆದರೆ ಕೈ ಒಂದೆರಡು ಸೆಕೆಂಡ್ ಇಡಲು ಆಗಬೇಕು. ಮುಟ್ಟಿದ ಕೂಡಲೇ ಕೈ ಕಿತ್ತುಕೊಳ್ಳುವ ಹಾಗಿದ್ದರೆ ಎಲ್ಲೋ ಬಿಗಿ ಇದೆ, ಬೆಲ್ಟ್ ಮತ್ತು ಬುಷ್ ಮತ್ತೆ ನೋಡಿ. ಆಮೇಲೆ ನಾಲ್ಕು ಟವೆಲ್ಲು. ಆಮೇಲೆ ಮನೆ ಬಟ್ಟೆ. ಬೆಡ್‌ಶೀಟು, ಕಂಬಳಿ ಮೊದಲ ತಿಂಗಳು ಬೇಡ.

ತಳಕ್ಕೆ ಇಲಿ ನುಗ್ಗದ ಹಾಗೆ ಕಬ್ಬಿಣದ ಜಾಲರಿ ಕತ್ತರಿಸಿ ಕಟ್ಟಿ. ಪ್ಲಾಸ್ಟಿಕ್ ಜಾಲರಿ ಅದಕ್ಕೆ ಒಂದು ರಾತ್ರಿಯ ತಿಂಡಿ. ಪೈಪಿನ ಬಾಯಿಗೆ ಹಳೇ ಕಾಲುಚೀಲ ಕಟ್ಟಿದರೆ ಕಣಜ ಗೂಡು ಕಟ್ಟಲ್ಲ, ಒಗೆಯುವ ಮುಂಚೆ ಬಿಚ್ಚಲು ಮರೆಯಬೇಡಿ. ಅಮ್ಮ ಎರಡು ಸಲ ಮರೆತು ನನಗೆ ಫೋನ್ ಮಾಡಿದ್ದಾರೆ, "ಮತ್ತೆ ನೀರು ಹೋಗ್ತಿಲ್ಲ ಕಣೋ" ಅಂತ. ಈಗ ಕಾಲುಚೀಲಕ್ಕೆ ಒಂದು ಉದ್ದ ಕೆಂಪು ದಾರ ಕಟ್ಟಿ ಅದರ ತುದಿಯನ್ನು ಟೈಮರ್ ನಾಬಿಗೆ ಸುತ್ತಿಟ್ಟಿದ್ದೇವೆ.